ಬಿಳಿ ಗೆರೆ

ನಮ್ಮಂಥ ಶಿಕ್ಷಕಿಯರಿಗೆ ತೀರ್ಪು ಕೊಡುವ ಚಟ ಸ್ವಲ್ಪ ಜಾಸ್ತಿ. ಶಾಲೆಯ ಉತ್ತರಪತ್ರಿಕೆ ಸಾಲದೆಂದು ರಂಗೋಲಿ, ಭಾಷಣ, ಭಜನೆ ಎಂದು ಕರೆದಲ್ಲೆಲ್ಲ ಹೋಗಿ ಅಂಕ ಹಾಕಿ, ಒಂದು ಶಾಲು ಹೊದ್ದು ಬರುತ್ತೇವೆ. ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನಕ್ಕೂ ನಾನು ಹಾಗೆಯೇ ಹೋಗಿದ್ದೆ. ಅಲ್ಲಿ ನಾನು ಕೊಟ್ಟ ತೀರ್ಪೊಂದು ತಪ್ಪಾಗಿತ್ತು. ಈ ಬರಹ ಅದರ ಮರುಮೌಲ್ಯಮಾಪನ ಎಂದುಕೊಳ್ಳಿ.

ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಮಿಗ್-21 ಯುದ್ಧವಿಮಾನಗಳಿದ್ದವು. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಮಾಡಿದ ಮಾದರಿಗಳು. ಎರಡೂ ನಿಜ ಗಾತ್ರದ ನಲವತ್ತೆಂಟನೆಯ ಒಂದು ಪಾಲು. ನಿಜವಾದ ವಿಮಾನದ ರೆಕ್ಕೆಯ ಹರವು 7.15 ಮೀಟರ್; ಇಲ್ಲಿ ಅದು ಒಂದು ಗೇಣಿಗೂ ಕಡಿಮೆ, 15 ಸೆಂಟಿಮೀಟರ್. ಒಂದನ್ನು ಮಾಡಿದವನು ಮೂಡುಬಿದಿರೆ ಪೇಟೆಯ ಹುಡುಗ. ಅವನ ಪೆಟ್ಟಿಗೆ ದುಬೈಯಲ್ಲಿದ್ದ ಮಾವ ತಂದುಕೊಟ್ಟದ್ದು. ಇನ್ನೊಬ್ಬ ಬೆಳ್ತಂಗಡಿ ಕಡೆಯವನು. ಅವನದ್ದು ಯಾರದೋ ಮನೆಯ ಅಟ್ಟದಲ್ಲಿ ಎಷ್ಟೋ ಮಳೆಗಾಲ ಕಳೆದ ಹಳೆಯ ಪೆಟ್ಟಿಗೆ.

ಹೊರಗಿನಿಂದ ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಪೈಲಟ್ ಕೂರುವ ಗೂಡಿನೊಳಗೆ. ಮೂಡುಬಿದಿರೆಯ ಹುಡುಗ ಗಾಜಿನ ಮುಚ್ಚಿಗೆಯನ್ನು ಎತ್ತಿ ತೋರಿಸಿದ. ಒಳಗೆ ಹತ್ತಾರು ಗಡಿಯಾರಗಳು. ಪ್ರತಿಯೊಂದರಲ್ಲೂ ಮುಳ್ಳು, ಅಂಕಿ, ಕೆಂಪು ಹಳದಿ ಗುರುತು. ಭೂತಗನ್ನಡಿ ಹಿಡಿದು ನೋಡಿ ನಾನು ಬೆರಗಾದೆ. ಇದಕ್ಕೆ ಡೆಕಾಲ್ ಎನ್ನುತ್ತಾರಂತೆ. ತೆಳುವಾದ ಪೊರೆಯ ಮೇಲೆ ಅಚ್ಚು ಮಾಡಿದ ಚಿತ್ರ ಅದು. ಹಿಂದಿರುವ ಕಾಗದದ ಸಮೇತ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಅಂಟು ಕರಗುವವರೆಗೆ ಕಾದು, ಕುಂಚದ ತುದಿಯಿಂದ ಮೆಲ್ಲನೆ ಜಾರಿಸಿ ಕೂರಿಸಬೇಕು. ಕೇಳಲು ಸುಲಭ. ಆದರೆ ಅಡಿಯ ಬಣ್ಣ ನುಣುಪಾಗಿರದಿದ್ದರೆ ಪೊರೆಯ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಉಬ್ಬಿದ ಅಂಚಿನ ಮೇಲೆ ಸುಕ್ಕುಗಟ್ಟುತ್ತದೆ. ಅದನ್ನು ಮೆತ್ತಗಾಗಿಸಲು ಬೇರೆಯೇ ದ್ರಾವಣ ಬೇಕು. ಈ ಹುಡುಗ ಒಂದೊಂದು ಗಡಿಯಾರವನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಕೂರಿಸಿ, ಒಣಗಿದ ಮೇಲೆ ಗಾಜಿನ ಹೊಳಪಿಗಾಗಿ ತಲಾ ಒಂದು ಹನಿ ವಾರ್ನಿಷ್ ಬಿಟ್ಟಿದ್ದ. ಎಂಟು ಸೆಂಟಿಮೀಟರಿನ ನಿಜ ಗಡಿಯಾರ ಈ ಅಳತೆಯಲ್ಲಿ ಒಂದು ಸಾಸಿವೆ ಕಾಳು. ಸಾಸಿವೆಯನ್ನು ಒಂದೊಂದಾಗಿ ಸಾಲಾಗಿ ಕೂರಿಸಿದವನ ತಾಳ್ಮೆಯನ್ನು ನಾನು ಇಂದೂ ಕಡಿಮೆ ಎಣಿಸುವುದಿಲ್ಲ.

ಬೆಳ್ತಂಗಡಿಯವನ ಗೂಡಿನಲ್ಲಿ ಅಚ್ಚಿನ ಚಿತ್ರ ಇರಲಿಲ್ಲ. "ನೀರಿಗೆ ಹಾಕಿದ ಕೂಡಲೇ ಚೂರುಚೂರಾಯಿತು ಟೀಚರ್" ಎಂದ. ಹೋಂವರ್ಕ್ ಪುಸ್ತಕವನ್ನು ದನ ತಿಂದಿತು ಎನ್ನುವವರನ್ನು ಮೂವತ್ತು ವರ್ಷ ಕಂಡ ನಾನು ಇದನ್ನೂ ನೆಪವೆಂದೇ ತಿಳಿದೆ. ಹಳೆಯ ಡೆಕಾಲ್ ಹಳದಿಯಾಗುವುದು, ಪೊರೆ ಬಿರಿದು ನೀರಿನಲ್ಲಿ ಚೂರಾಗುವುದು ಈ ಕಸುಬಿನವರಿಗೆಲ್ಲ ತಿಳಿದ ಸಂಗತಿ ಎಂದು ಗೊತ್ತಾದದ್ದು ಆಮೇಲೆ. ಅವನು ಗೂಡಿಗೆ ನೀಲಿ-ಹಸಿರು ಬಣ್ಣ ಬಳಿದು, ಬಿಳಿಯ ಮೇಲೆ ಕಪ್ಪು ಹಚ್ಚಿ, ಸೂಜಿಯಿಂದ ಕೆರೆದು ಏಳೆಂಟು ಮುಳ್ಳುಗಳನ್ನು ಮೂಡಿಸಿದ್ದ. ಕೆಲವು ವಕ್ರವಾಗಿದ್ದವು. ಫಲಕದ ನಡುವೆ ಮೇಲಿನಿಂದ ಕೆಳಗೆ ದಪ್ಪನೆಯ ಬಿಳಿ ಗೆರೆಯೊಂದು ಎದ್ದು ಕಾಣುತ್ತಿತ್ತು. "ಇಲ್ಲಿ ಬಣ್ಣ ಚೆಲ್ಲಿತಾ?" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾನು ಮುಂದಿನ ಮೇಜಿಗೆ ಹೋಗಿದ್ದೆ. ಅಚ್ಚುಕಟ್ಟಿನ ಕಾಲಮಿನಲ್ಲಿ ಐದು ಅಂಕ ಕಳೆದೆ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಾಯುಪಡೆ ವಿದಾಯ ಹೇಳಿತು. 1963ರಲ್ಲಿ ಬಂದ ವಿಮಾನ, 62 ವರ್ಷ ಸೇವೆಯಲ್ಲಿತ್ತು. ಬಂಟ್ವಾಳದಲ್ಲಿ ನಮ್ಮ ನೆರೆಮನೆಯವರು ವಾಯುಪಡೆಯಲ್ಲಿ ಯಂತ್ರದ ಕೆಲಸ ಮಾಡಿ ನಿವೃತ್ತರಾದವರು. ಮರುದಿನ ಪೇಪರು ಹಿಡಿದು ನಮ್ಮ ಜಗಲಿಯಲ್ಲಿ ಕುಳಿತು ಹಳೆಯ ಕಥೆ ತೆಗೆದರು. ಮಾತಿನ ನಡುವೆ, "ಅದರ ಫಲಕದ ನಡುವೆ ಒಂದು ಬಿಳಿ ಗೆರೆ ಉಂಟು ಟೀಚರ್" ಎಂದರು. ವಿಮಾನ ಹಿಡಿತ ತಪ್ಪಿ ಗಿರಕಿ ಹೊಡೆಯುತ್ತ ಬೀಳತೊಡಗಿದರೆ ಪೈಲಟಿಗೆ ಎಡ ಯಾವುದು, ಬಲ ಯಾವುದು ತಿಳಿಯುವುದಿಲ್ಲವಂತೆ. ಆಗ ಕೈಗೋಲನ್ನು ಆ ಗೆರೆಯ ನೇರಕ್ಕೆ ತಂದು ಹಿಡಿಯಬೇಕು. ನಡು ಎಲ್ಲಿದೆ ಎಂದು ತೋರಿಸಲಿಕ್ಕೇ ಆ ಗೆರೆ. ಇಷ್ಟು ಹೇಳಿ ಅವರು ಬಲಗೈಯನ್ನು ಮುಷ್ಟಿ ಮಾಡಿ, ಎದೆಯ ನೇರಕ್ಕೆ ತಂದು, ಮುಂದಕ್ಕೆ ತಳ್ಳಿ ತೋರಿಸಿದರು. ನನ್ನ ಚಹಾ ತಣ್ಣಗಾಗಿತ್ತು.

ಆಗ ನೆನಪಾಯಿತು: ಪ್ರದರ್ಶನದ ದಿನ ಮೊಬೈಲಿನಲ್ಲಿ ಎರಡರ ಫೋಟೋವನ್ನೂ ತೆಗೆದಿದ್ದೆ. ಹುಡುಕಿ, ದೊಡ್ಡದು ಮಾಡಿ ನೋಡಿದೆ. ಬಹುಮಾನ ಗೆದ್ದವನ ಡೆಕಾಲಿನಲ್ಲೂ ಅದೇ ಬಿಳಿ ಗೆರೆ ಇತ್ತು! ಅಷ್ಟೊಂದು ಅಂಕಿ, ಮುಳ್ಳು, ಬಣ್ಣಗಳ ಸಂತೆಯಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಒಂದೇ ಗೆರೆ ಒಂದು ಕಡೆ ಕಾಣಲಿಲ್ಲ, ಇನ್ನೊಂದು ಕಡೆ ಕಲೆಯಾಗಿ ಕಂಡಿತು.

ಡೆಕಾಲಿನ ಬಗ್ಗೆ ನನ್ನ ತಕರಾರು ಇದೊಂದೇ. ಅದು ಎಲ್ಲವನ್ನೂ ಕೊಡುತ್ತದೆ, ಎಲ್ಲವನ್ನೂ ಒಂದೇ ಸ್ಪಷ್ಟತೆಯಲ್ಲಿ ಕೊಡುತ್ತದೆ. ಜೀವ ಉಳಿಸುವ ಗೆರೆಗೂ ಮೂಲೆಯ ಗುಂಡಿಗೂ ಅಲ್ಲಿ ಸಮಾನ ಮರ್ಯಾದೆ. ಅಂಟಿಸುವವನು ಏನನ್ನೂ ಆರಿಸಬೇಕಾಗಿಲ್ಲ. ಕೈಯಿಂದ ಬರೆಯುವವನಿಗೆ ಆ ಸೌಕರ್ಯವಿಲ್ಲ. ಎಲ್ಲವನ್ನೂ ಬರೆಯಲಾಗದ ಕಾರಣ ಯಾವುದನ್ನು ಬಿಡಬಾರದೆಂದು ಅವನು ಯೋಚಿಸಲೇಬೇಕು. ಹಾಗೆಂದು ಡೆಕಾಲ್ ಅಂಟಿಸುವವರೆಲ್ಲ ತಿಳಿಯದವರು ಎಂದರೆ ಅದೂ ಅನ್ಯಾಯ. ಸಾಸಿವೆ ಕಾಳಿನಲ್ಲಿ ಅಂಕಿ ಬರೆಯುವುದು ಮನುಷ್ಯನ ಕೈಗೆ ಮೀರಿದ್ದು. ಮೂಡುಬಿದಿರೆಯ ಹುಡುಗನಿಗೂ ಗೆರೆಯ ಅರ್ಥ ಗೊತ್ತಿದ್ದಿರಬಹುದು. ನಾನು ಅವನನ್ನೂ ಕೇಳಲಿಲ್ಲ, ಇವನನ್ನೂ ಕೇಳಲಿಲ್ಲ. ನಮ್ಮ ಅಂಕಪಟ್ಟಿಯಲ್ಲಿ ಅಂದಕ್ಕೆ, ಅಚ್ಚುಕಟ್ಟಿಗೆ, ವಿವರಕ್ಕೆ ಕಾಲಮುಗಳಿದ್ದವು, 'ಇದು ಏನು?' ಎಂದು ಕೇಳಲು ಇರಲಿಲ್ಲ.

ಅದೇ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳಿವೆ. ಹನ್ನೆರಡನೆಯ ಶತಮಾನದವು, ಗರಿಯ ಅಗಲದೊಳಗೇ ಬಣ್ಣದ ಪುಟ್ಟ ಚಿತ್ರಗಳೂ ಇವೆ. ಶತಮಾನಗಳ ಕಾಲ ಭಕ್ತರು ಅವುಗಳ ದರ್ಶನ ಮಾಡಿ ಕೈಮುಗಿದರು. ಹೊರಗಿನ ಓದುಗರಿಗೆ ಅವು ಅಚ್ಚಾಗಿ ಸಿಗತೊಡಗಿದ್ದು 1939ರಿಂದ. ಕೈಮುಗಿದವರು ಅವನ್ನು ಹುಳ ಹಿಡಿಯದಂತೆ ಕಾಪಾಡಿದರಲ್ಲ, ಆ ಋಣ ದೊಡ್ಡದು. ನಾನಾದರೋ ಭೂತಗನ್ನಡಿ ಹಿಡಿದು ದರ್ಶನ ಮಾತ್ರ ಮಾಡಿ ಬಂದೆ. ಓದುವುದು ನನ್ನ ಕೆಲಸವಾಗಿತ್ತು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಈ ಪುಸ್ತಕ ಎಂದಾದರೂ ಅವನ ಕೈಗೆ ಸಿಕ್ಕಿದರೆ, ಅಂದು ನಾನು ಕಳೆದ ಐದು ಅಂಕಗಳನ್ನು ದಯವಿಟ್ಟು ಸೇರಿಸಿಕೊಳ್ಳಲಿ. ಮೂಡುಬಿದಿರೆಯವನು ತನ್ನ ಬಹುಮಾನವನ್ನು ಹಿಂದಿರುಗಿಸಬೇಕಾಗಿಲ್ಲ.