ಹಸಿರಿಗೂ ಸ್ವಲ್ಪ ಜಾಗವಿರಲಿ

ನೀಹಾರಿಕೆಗಳ ಚಿತ್ರಗಳು ಈಚೆಗೆ ಒಂದೇ ಅಂಗಡಿಯಲ್ಲಿ ಕೊಂಡ ಸೀರೆಗಳಂತೆ ಕಾಣತೊಡಗಿವೆ. ಮೈಯೆಲ್ಲ ಬಂಗಾರ, ಅಂಚು ನವಿಲುನೀಲಿ. ಪರ್ತ್‌ನ ಹಿತ್ತಲಲ್ಲಿ ತೆಗೆದದ್ದೋ ಬ್ರಿಸ್ಬೇನಿನ ಬಾಲ್ಕನಿಯಲ್ಲಿ ತೆಗೆದದ್ದೋ, ಚಿತ್ರದಲ್ಲಿರುವುದು ಕ್ಯಾರೀನಾ ನೀಹಾರಿಕೆಯೋ ಈಗಲ್ ನೀಹಾರಿಕೆಯೋ, ಬಣ್ಣ ಮಾತ್ರ ಅದೇ. ತೆಗೆದವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಚಳಿಯಲ್ಲಿ ರಾತ್ರಿಯಿಡೀ ಟೆಲಿಸ್ಕೋಪ್ ಕಾಯುವುದೆಂದರೆ ಏನೆಂದು ಬಲ್ಲೆ. ನನ್ನ ತಕರಾರು ಇರುವುದು ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೂತು ಒತ್ತುವ ಒಂದು ಗುಂಡಿಯ ಮೇಲೆ. ಹಸಿರನ್ನು ಅಳಿಸುವ ಗುಂಡಿ ಅದು.

ಆ ಹಸಿರು ಬಂದದ್ದಾದರೂ ಎಲ್ಲಿಂದ? ನಗರದ ಆಕಾಶದಲ್ಲಿ ನೀಹಾರಿಕೆಯನ್ನು ಹಿಡಿಯಬೇಕೆಂದರೆ ಬೆಳಕನ್ನು ಸೋಸಲೇಬೇಕು. ಬೀದಿದೀಪ, ಪಕ್ಕದ ಮನೆಯ ಫ್ಲಡ್‌ಲೈಟು, ಚಂದ್ರ, ಎಲ್ಲವೂ ಸಿಕ್ಕ ಬಣ್ಣಗಳನ್ನೆಲ್ಲ ಒಟ್ಟಿಗೆ ಸುರಿಯುತ್ತವೆ. ನೀಹಾರಿಕೆಯ ಅನಿಲವೋ ಕೆಲವೇ ನಿರ್ದಿಷ್ಟ ತರಂಗಾಂತರಗಳಲ್ಲಿ ಹೊಳೆಯುತ್ತದೆ. ಹೈಡ್ರೋಜನ್ ಆಲ್ಫಾ 656.3 ನ್ಯಾನೋಮೀಟರಿನಲ್ಲಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ 500.7ರಲ್ಲಿ, ಒಂದು ಕಳೆದುಕೊಂಡ ಗಂಧಕ 671.6 ಮತ್ತು 673.1ರಲ್ಲಿ. ಅಂಥ ಒಂದು ತರಂಗಾಂತರದ, ಅಂದರೆ ಗೆರೆಯ, ಸುತ್ತ 3ರಿಂದ 7 ನ್ಯಾನೋಮೀಟರಿನಷ್ಟು ಬೆಳಕನ್ನು ಮಾತ್ರ ಒಳಬಿಟ್ಟು ಉಳಿದದ್ದನ್ನೆಲ್ಲ ತಡೆಯುವುದು ನ್ಯಾರೋಬ್ಯಾಂಡ್ ಫಿಲ್ಟರ್. ಕಪ್ಪುಬಿಳುಪು ಕ್ಯಾಮೆರಾದ ಮುಂದೆ ಇಂಥ ಫಿಲ್ಟರುಗಳನ್ನು ಒಂದಾದ ಮೇಲೊಂದು ಇಟ್ಟು ಗಂಟೆಗಟ್ಟಲೆ ತೆಗೆದರೆ ಕೊನೆಗೆ ಕೈಗೆ ಬರುವುದು ಮೂರು ಕಪ್ಪುಬಿಳುಪು ಚಿತ್ರಗಳು. ಬಣ್ಣ ಹಚ್ಚುವವರು ನಾವೇ.

ಕಣ್ಣಿಗೆ ಕಾಣುವ ಬಣ್ಣವನ್ನೇ ಹಚ್ಚಿದರೆ ಹೈಡ್ರೋಜನ್ನೂ ಕೆಂಪು, ಗಂಧಕವೂ ಕೆಂಪು. ಎರಡರ ನಡುವೆ ಬರೀ 15 ನ್ಯಾನೋಮೀಟರಿನ ಅಂತರ, ಯಾರ ಕಣ್ಣಿಗೂ ಬೇರೆಯಾಗಿ ತೋರುವುದಿಲ್ಲ. ಅದಕ್ಕೇ 1995ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಹಬಲ್ ದೂರದರ್ಶಕದಿಂದ ಈಗಲ್ ನೀಹಾರಿಕೆಯ ಕಂಬಗಳನ್ನು ತೆಗೆದಾಗ ಮೂರನ್ನೂ ದೂರದೂರಕ್ಕೆ ಎಳೆದು ಹಂಚಿದರು: ಗಂಧಕ ಕೆಂಪಿಗೆ, ಹೈಡ್ರೋಜನ್ ಹಸಿರಿಗೆ, ಆಕ್ಸಿಜನ್ ನೀಲಿಗೆ. ಕಾಮನಬಿಲ್ಲಿನ ಅನುಕ್ರಮ ಕೆಡಲಿಲ್ಲ, ಅಂತರ ಮಾತ್ರ ಹಿಗ್ಗಿತು. ‘ಸೃಷ್ಟಿಯ ಕಂಬಗಳು’ ಎಂದು ಆ ಚಿತ್ರ ಕ್ಯಾಲೆಂಡರು, ಟೀ ಶರ್ಟುಗಳ ಮೇಲೆಲ್ಲ ಬಂತು. ಆ ಹಂಚಿಕೆಗೆ ಹಬಲ್ ಪ್ಯಾಲೆಟ್ ಎಂಬ ಹೆಸರು ನಿಂತಿತು. ನೀಹಾರಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಹೈಡ್ರೋಜನ್. ಹೀಗಾಗಿ ಮೂರನ್ನೂ ಇದ್ದ ಹಾಗೇ ಸೇರಿಸಿದರೆ ಪರದೆ ತುಂಬ ಹಸಿರು. ಅದನ್ನು ಕಂಡು ಗಾಬರಿಯಾದವರು ಆ ಗುಂಡಿ ಒತ್ತುತ್ತಾರೆ.

ಈ ಬಣ್ಣವೆಲ್ಲ ಸುಳ್ಳಲ್ಲವೇ ಎಂದು ಕೇಳುವವರು ಪ್ರತಿ ಪ್ರದರ್ಶನದಲ್ಲೂ ಸಿಗುತ್ತಾರೆ. ಆ ಪ್ರಶ್ನೆ ನನಗೆ ಅಷ್ಟು ಮುಖ್ಯವಾಗಿ ತೋರುವುದಿಲ್ಲ. ಎರಡು ಜಾಗಗಳ ಬಣ್ಣ ಬೇರೆಯಾಗಿದ್ದರೆ ಅಲ್ಲಿನ ಅನಿಲದ ಸ್ಥಿತಿಯೂ ನಿಜವಾಗಿ ಬೇರೆಯೇ ಎಂದು ಕೇಳಬೇಕು. ಹೈಡ್ರೋಜನ್ನಿನ ಎಲೆಕ್ಟ್ರಾನನ್ನು ಕಿತ್ತು ಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಸಾಕು. ಆಕ್ಸಿಜನ್ನಿನ ಎರಡನೆಯ ಎಲೆಕ್ಟ್ರಾನ್ ಕೀಳಲು 35.1 ಬೇಕು, ಅಷ್ಟು ಬಿರುಸಿನ ಬೆಳಕು ಸಿಗುವುದು ಅತಿ ಬಿಸಿಯಾದ ನಕ್ಷತ್ರಗಳ ನೆರೆಯಲ್ಲಿ. ಗಂಧಕದ ಮೊದಲ ಎಲೆಕ್ಟ್ರಾನ್ 10.4ಕ್ಕೇ ಬಿಟ್ಟುಹೋಗುತ್ತದೆ, 23.3 ಸಿಕ್ಕರೆ ಎರಡನೆಯದೂ ಹೋಗುತ್ತದೆ. ಆದ್ದರಿಂದ ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ಗಂಧಕ ಉಳಿಯುವುದು ಬೆಳಕು ಸೊರಗಿದ ಅಂಚುಗಳಲ್ಲಿ. ಅಂದಮೇಲೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ಸರಿಯುತ್ತ ಹೋದ ಹಾಗೆ ನಾವು ನಕ್ಷತ್ರದಿಂದ ದೂರ ಹೋಗುತ್ತಿರುತ್ತೇವೆ. ನಡುವಿನ ಹಸಿರನ್ನು ಕಿತ್ತರೆ ನಕ್ಷೆಯ ಮಧ್ಯದ ಪುಟವೇ ಹರಿದಂತಾಯಿತು.

ಕ್ಯಾರೀನಾ ನೀಹಾರಿಕೆಯ ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಆಕ್ಸಿಜನ್ ಚಿತ್ರದಲ್ಲಿ ಈಟಾ ಕ್ಯಾರೀನೆ ಎಂಬ ನಕ್ಷತ್ರದ ಸುತ್ತ, ಟ್ರಂಪ್ಲರ್ 14 ಮತ್ತು 16 ಎಂಬ ನಕ್ಷತ್ರಗುಚ್ಛಗಳ ಸುತ್ತ, ನುಣುಪಾದ ಒಂದೇ ಹೊಳಪು. ಗೀರು ಗೆರೆಗಳು ಕಡಿಮೆ. ಹೈಡ್ರೋಜನ್ ಚಿತ್ರದಲ್ಲಿ ಅದೇ ಜಾಗದಲ್ಲಿ ಮಡಿಕೆಗಳು, ಸುರುಳಿಗಳು, ಕೀಲಿಕಂಡಿಯ ಆಕಾರದ ಕಪ್ಪು ಧೂಳು ಎದ್ದು ಬರುತ್ತವೆ. ಗಂಧಕದ ಚಿತ್ರ ಎಲ್ಲಕ್ಕಿಂತ ಮಸುಕು, ಆದರೆ ಧೂಳಿನ ಕಂಬಗಳ ನೆತ್ತಿಯಲ್ಲಿ, ನಕ್ಷತ್ರಗಳತ್ತ ಮುಖ ಮಾಡಿದ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳುವಾದ ಹೊಳೆವ ಗೆರೆ. ಈಟಾ ಕ್ಯಾರೀನೆ 1840ರ ದಶಕದಲ್ಲಿ ಸಿಡಿದು, 1843ರಲ್ಲಿ ಕೆಲಕಾಲ ಆಕಾಶದ ಎರಡನೆಯ ಅತಿ ಪ್ರಕಾಶದ ನಕ್ಷತ್ರವಾಗಿತ್ತು. ಆಗ ಎಸೆದ ಅನಿಲ ಇಂದು ಎರಡು ಗುಳ್ಳೆಗಳಂತೆ ಅದರ ಎರಡು ಪಕ್ಕದಲ್ಲಿದೆ. ಸಣ್ಣ ಟೆಲಿಸ್ಕೋಪಿನಲ್ಲಿ ಅದು ಕಿತ್ತಳೆ ಬಣ್ಣದ ಪುಟ್ಟ ಚುಕ್ಕೆ, ಅಷ್ಟೆ.

ಇನ್ನು ಆ ಗುಂಡಿಯ ಲೆಕ್ಕಾಚಾರ. ಪಿಕ್ಸ್‌ಇನ್‌ಸೈಟ್ ಎಂಬ ಸಾಫ್ಟ್‌ವೇರಿನಲ್ಲಿ ಅದಕ್ಕೆ ಎಸ್‌ಸಿಎನ್‌ಆರ್ ಎನ್ನುತ್ತಾರೆ. ಉಚಿತವಾಗಿ ಸಿಗುವ ಸಿರಿಲ್‌ನಲ್ಲೂ ಇದೆ, ಫೋಟೋಶಾಪಿಗೂ ಪ್ಲಗಿನ್ನುಗಳಿವೆ. ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಅದು ಪ್ರತಿ ಪಿಕ್ಸೆಲಿನ ಹಸಿರನ್ನು ಕೆಂಪು ಮತ್ತು ನೀಲಿಯ ಸರಾಸರಿಗೆ ಹೋಲಿಸಿ ನೋಡುತ್ತದೆ. ಹೆಚ್ಚಿದ್ದರೆ ಸರಾಸರಿಗೇ ತಂದು ಕೂರಿಸುತ್ತದೆ. ಒಂದು ಪಿಕ್ಸೆಲಿನಲ್ಲಿ ಹೈಡ್ರೋಜನ್ 0.60, ಗಂಧಕ 0.20, ಆಕ್ಸಿಜನ್ 0.10 ಇದೆ ಎನ್ನಿ. ಸರಾಸರಿ 0.15. ಗುಂಡಿ ಒತ್ತಿದ ಕ್ಷಣ 0.60 ಇದ್ದ ಹೈಡ್ರೋಜನ್ 0.15ಕ್ಕೆ ಇಳಿಯಿತು, ಮುಕ್ಕಾಲು ಪಾಲು ಮಂಗಮಾಯ. ಹೊಳಪನ್ನು ಉಳಿಸುವ ಆಯ್ಕೆಗೆ ಟಿಕ್ ಹಾಕಿದ್ದರೆ ಹೊಳಪು ಉಳಿದೀತು, ಆದರೆ ಮೂರು ಅನಿಲಗಳ ಅನುಪಾತ ಹೋದದ್ದು ಹೋಯಿತು. ಇದು ಸಾಮಾನ್ಯ ಬಣ್ಣದ ಚಿತ್ರಗಳಿಗಾಗಿ ಹುಟ್ಟಿದ ಸಾಧನ. ಹಸಿರು ನಕ್ಷತ್ರ ಎಂಬುದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅಂಥ ಚಿತ್ರದಲ್ಲಿ ಹಸಿರು ಕಂಡರೆ ಬಹುಪಾಲು ಕ್ಯಾಮೆರಾದ ಗದ್ದಲ (ನಾಯ್ಸ್), ತೆಗೆದರೆ ನಷ್ಟವಿಲ್ಲ. ನ್ಯಾರೋಬ್ಯಾಂಡಿನಲ್ಲಿ ಹಸಿರೇ ಮುಖ್ಯ ಸರಕು.

ಹಾಗಾದರೆ ಏನು ಮಾಡಬೇಕು? ನಾನು ಹಸಿರನ್ನು ಕತ್ತರಿಸುವುದಿಲ್ಲ, ಸರಿಸುತ್ತೇನೆ. ಫೋಟೋಶಾಪಿನ ಸೆಲೆಕ್ಟಿವ್ ಕಲರ್‌ನಲ್ಲಿ ಹಸಿರನ್ನು ಆರಿಸಿ ಸಯಾನ್ ಇಳಿಸುತ್ತ ಬಂದರೆ ಹಸಿರು ಮೆಲ್ಲಗೆ ಹಳದಿಯತ್ತ ವಾಲುತ್ತದೆ, ಹೈಡ್ರೋಜನ್ನಿನ ಮಡಿಕೆಗಳು ಮಾಸುವುದಿಲ್ಲ. ಪೂರ್ತಿ ಬಂಗಾರವಾಗುವ ಮೊದಲೇ, ಇನ್ನೂ ಎಳೆ ಮಾವಿನೆಲೆಯ ಛಾಯೆ ಇರುವಾಗಲೇ ಕೈ ತೆಗೆಯಬೇಕು. ಅದಕ್ಕೂ ಮುಂಚಿನ ಕೆಲಸಗಳು ಬೇಸರದವು, ಆದರೆ ಬಿಡುವಂತಿಲ್ಲ. ಪ್ರತಿ ಫಿಲ್ಟರಿನಲ್ಲಿ ತೆಗೆದ ಚಿತ್ರಗಳನ್ನು ಬೇರೆಬೇರೆಯಾಗಿ ಸ್ಟ್ಯಾಕ್ ಮಾಡಬೇಕು, ಅಂದರೆ ಪೇರಿಸಿ ಒಂದಾಗಿಸಬೇಕು, ಒಂದು ಪಕ್ಕದಿಂದ ನುಗ್ಗಿದ ನಗರದ ಬೆಳಕನ್ನು ಕಳೆಯಬೇಕು, ಸ್ಟಾರ್‌ನೆಟ್‌ನಂಥ ಸಾಧನದಿಂದ ನಕ್ಷತ್ರಗಳನ್ನು ಬೇರ್ಪಡಿಸಿ ಬದಿಗಿಡಬೇಕು. ಆಮೇಲೆ ಸ್ಟ್ರೆಚ್, ಅಂದರೆ ಮಸುಕು ಬೆಳಕನ್ನು ಹಿಗ್ಗಿಸುವುದು. ಇಲ್ಲೇ ಹೆಚ್ಚಿನವರು ಅವಸರ ಮಾಡುವುದು: ಗಂಧಕವನ್ನು ಹೈಡ್ರೋಜನ್ನಿನ ಮಟ್ಟಕ್ಕೇ ಏರಿಸಿಬಿಡುತ್ತಾರೆ. ಮಸುಕಾದ ಚಿತ್ರವನ್ನು ಅಷ್ಟು ಹಿಗ್ಗಿಸಿದರೆ ಅದರೊಂದಿಗೆ ಗದ್ದಲವೂ ಹಿಗ್ಗಿ ಕೆಂಪು ಮರಳು ಎರಚಿದ ಹಾಗಾಗುತ್ತದೆ.

ನಕ್ಷತ್ರಗಳನ್ನು ಮೊದಲೇ ಬೇರ್ಪಡಿಸಲು ಒಂದು ಕಾರಣವಿದೆ. ಗಂಧಕ, ಆಕ್ಸಿಜನ್ ಎರಡನ್ನೂ ಹೈಡ್ರೋಜನ್ನಿಗಿಂತ ಹೆಚ್ಚು ಹಿಗ್ಗಿಸುವುದರಿಂದ ಪ್ರತಿ ನಕ್ಷತ್ರದ ಸುತ್ತ ಕೆಂಪೂ ನೀಲಿಯೂ ಉಬ್ಬಿ, ಕಡುಗುಲಾಬಿ ಬಳೆ ತೊಡಿಸಿದ ಹಾಗೆ ಕಾಣುತ್ತದೆ. ಆ ಬಳೆ ಕಳಚುವಲ್ಲಿ ಮಾತ್ರ ನಾನು ಬೈಯುತ್ತಿರುವ ಗುಂಡಿಗೆ ಕೆಲಸ ಉಂಟು. ನಕ್ಷತ್ರಗಳ ಪದರದ ಬಣ್ಣಗಳನ್ನು ತಲೆಕೆಳಗು ಮಾಡಿದರೆ ಗುಲಾಬಿ ಹಸಿರಾಗುತ್ತದೆ. ಗುಂಡಿ ಒತ್ತಿ ಮತ್ತೆ ತಿರುಗಿಸಿದರೆ ಬಳೆ ಮಾಯ. ಇನ್ನೂ ಒಳ್ಳೆಯದೆಂದರೆ ಸಾಮಾನ್ಯ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಸ್ವಲ್ಪ ಹೊತ್ತು ನಕ್ಷತ್ರಗಳನ್ನಷ್ಟೇ ತೆಗೆದು, ಸ್ಕ್ರೀನ್ ಮೋಡಿನಲ್ಲಿ ಮೇಲೆ ಕೂರಿಸುವುದು. ಆಗ ನಕ್ಷತ್ರಕ್ಕೆ ಅದರದೇ ಬಣ್ಣ ಸಿಗುತ್ತದೆ.

ಆಸ್ಟ್ರೇಲಿಯದಲ್ಲಿ ಕೂತು ಹೈಡ್ರೋಜನ್ನನ್ನು ಅಳಿಸುವುದು ಒಂದು ರೀತಿಯಲ್ಲಿ ಕೃತಘ್ನತೆ ಎಂದೂ ನನಗನಿಸುತ್ತದೆ. ಕ್ಯಾನ್‌ಬೆರಾ ಬಳಿಯ ಮೌಂಟ್ ಸ್ಟ್ರಾಮ್ಲೋ ವೀಕ್ಷಣಾಲಯದಲ್ಲಿ ಕಾಲಿನ್ ಗಮ್ ಎಂಬ ಖಗೋಳಜ್ಞ ಹೈಡ್ರೋಜನ್ ಆಲ್ಫಾ ಬೆಳಕನ್ನೇ ಹಿಡಿದು ದಕ್ಷಿಣದ ಆಕಾಶವನ್ನು ಜಾಲಾಡಿ, 1955ರಲ್ಲಿ 85 ನೀಹಾರಿಕೆಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ 12ನೆಯದು ಈಗ ಗಮ್ ನೀಹಾರಿಕೆ. ಆಕಾಶದಲ್ಲಿ 35 ಡಿಗ್ರಿಗೂ ಮೀರಿ ಹರಡಿಕೊಂಡಿದ್ದು ನಮ್ಮ ಟೆಲಿಸ್ಕೋಪುಗಳ ಚೌಕಟ್ಟಿಗೆ ಅದರ ಮೂಲೆಯೂ ಹಿಡಿಸುವುದಿಲ್ಲ. 1960ರಲ್ಲಿ, ಇನ್ನೂ 35ರ ವಯಸ್ಸಿನಲ್ಲಿ, ಅವರು ಸ್ವಿಟ್ಜರ್ಲೆಂಡಿನಲ್ಲಿ ಸ್ಕೀಯಿಂಗ್ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಅದೇ ವೀಕ್ಷಣಾಲಯದ ರಾಜರ್ಸ್, ಕ್ಯಾಂಪ್‌ಬೆಲ್, ವೈಟ್‌ಓಕ್ ಅದೇ ಬೆಳಕಿನಲ್ಲಿ 182 ನೀಹಾರಿಕೆಗಳ ಇನ್ನೊಂದು ಪಟ್ಟಿ ತಂದರು. ಅವರಾರಿಗೂ ಬಣ್ಣದ ಹಂಗಿರಲಿಲ್ಲ.

ಹೆಸರಿನ ಮಾತು ಬಂತಲ್ಲ, ಬ್ರಿಸ್ಬೇನ್ ನಗರದ ಹೆಸರೂ ಖಗೋಳ ಹವ್ಯಾಸಿಯೊಬ್ಬನದೇ. ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ ಥಾಮಸ್ ಬ್ರಿಸ್ಬೇನ್ 1822ರಲ್ಲಿ ಪ್ಯಾರಮಟ್ಟಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿದ. ಅಲ್ಲಿ ದುಡಿದ ಜೇಮ್ಸ್ ಡನ್‌ಲಪ್ 1828ರಲ್ಲಿ 629 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ ಪ್ರಕಟಿಸಿದ. ಆಮೇಲೆ ಹುಡುಕಿದವರಿಗೆ ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಸಿಗಲೇ ಇಲ್ಲ. ಮಸುಕಿನಲ್ಲಿ ಇಲ್ಲದ್ದನ್ನೂ ಕಾಣುವ ಆ ಕೆಲಸವನ್ನು ಈಗ ನಮ್ಮ ಪರವಾಗಿ ಹರಿತಗೊಳಿಸುವ ಸಾಫ್ಟ್‌ವೇರುಗಳು ಮಾಡುತ್ತಿವೆ. ಸ್ಲೈಡರ್ ತುದಿಮುಟ್ಟ ಎಳೆದರೆ ಗದ್ದಲವೇ ಎಳೆಎಳೆಯಾದ ನಾರಾಗಿ ಬದಲಾಗುತ್ತದೆ, ನೋಡಿದವರು ಅನಿಲ ಎಂದು ನಂಬುತ್ತಾರೆ.

ಕ್ಯಾರೀನಾ ಬೇಕೆಂದವರಿಗೆ ಅಡಿಲೇಡ್, ಪರ್ತ್, ಬ್ರಿಸ್ಬೇನ್ ಎಂಬ ಈ ಮೂರು ಊರುಗಳಂಥ ಜಾಗ ಇನ್ನೊಂದಿಲ್ಲ. ಅದು ಇರುವುದು ತ್ರಿಶಂಕು ಮತ್ತು ಅಗಸ್ತ್ಯ ನಕ್ಷತ್ರದ ನಡುವೆ, ತ್ರಿಶಂಕುವಿಗೆ ಹತ್ತಿರ. ಬೆಂಗಳೂರಿನಲ್ಲಿ ಅದು ದಕ್ಷಿಣ ದಿಗಂತದಿಂದ ಹೆಚ್ಚೆಂದರೆ 17 ಡಿಗ್ರಿ ಏರೀತು, ಅದೂ ಧೂಳಿನ ನಡುವೆ. ಅಡಿಲೇಡಿನಲ್ಲಿ 65 ಡಿಗ್ರಿ. ಅಡಿಲೇಡ್, ಪರ್ತ್‌ಗಳಲ್ಲಿ ಅದು ಮುಳುಗುವುದೇ ಇಲ್ಲ, ಆದರೆ ಪರ್ತ್‌ನಲ್ಲಿ ತೀರ ಕೆಳಗಿಳಿದಾಗ ದಿಗಂತವನ್ನು ಸವರುತ್ತ ಹೋಗುತ್ತದೆ. ಬ್ರಿಸ್ಬೇನಿನಲ್ಲಿ ಸ್ವಲ್ಪ ಹೊತ್ತು ಮುಳುಗಿ ಏಳುತ್ತದೆ. ಯುಗಾದಿಯ ರಾತ್ರಿ ಅದು ಒಳ್ಳೆಯ ಎತ್ತರದಲ್ಲಿರುತ್ತದೆ. ಹಿಂದಿನ ದಿನವಷ್ಟೇ ಅಮಾವಾಸ್ಯೆ ಕಳೆದು ಚಂದ್ರನ ಕಾಟವೂ ಇರುವುದಿಲ್ಲ. ಚಂದ್ರನ ಬೆಳಕು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಆಕ್ಸಿಜನ್ ಚಿತ್ರವನ್ನು. ಅದನ್ನು ಇಂಥ ರಾತ್ರಿಗೇ ಮೀಸಲಿಟ್ಟು ಹೈಡ್ರೋಜನ್ನನ್ನು ಬೆಳದಿಂಗಳಿಗೆ ಬಿಡಬೇಕು. ಹಬ್ಬವನ್ನು ಹತ್ತಿರದ ಶನಿವಾರಕ್ಕೆ ತಳ್ಳುವುದು ಇಲ್ಲಿನ ಕನ್ನಡ ಸಂಘಗಳಲ್ಲಿ ರೂಢಿ. ಹೋಳಿಗೆಯೂ ತಪ್ಪುವುದಿಲ್ಲ, ಆಕ್ಸಿಜನ್ನೂ ತಪ್ಪುವುದಿಲ್ಲ.

ಪರ್ತ್, ಬ್ರಿಸ್ಬೇನ್‌ಗಳಲ್ಲಿರುವ ಗೆಳೆಯರೊಡನೆ ಚಿತ್ರಗಳನ್ನು ಹಂಚಿಕೊಂಡು ಕೂಡಿಸುವುದು ಈಚಿನ ಹುಚ್ಚು. ಪರ್ತ್‌ಗೂ ಅಡಿಲೇಡಿಗೂ ಬೇಸಿಗೆ ಒಣ, ಚಳಿಗಾಲಕ್ಕೆ ಮಳೆ. ಬ್ರಿಸ್ಬೇನಿನಲ್ಲಿ ಬೇಸಿಗೆಗೆ ಗುಡುಗುಮಳೆ, ಚಳಿಗಾಲಕ್ಕೆ ತಿಳಿ ಆಕಾಶ. ಒಬ್ಬರಿಗೆ ಮೋಡವಿದ್ದರೆ ಇನ್ನೊಬ್ಬರಿಗೆ ಕೆಲಸ. ಆದರೆ ಕೂಡಿಸುವಾಗ ಒಂದು ತೊಡಕಿದೆ. ಹೈಡ್ರೋಜನ್ ಗೆರೆಯ ಪಕ್ಕದಲ್ಲೇ, 658.4 ನ್ಯಾನೋಮೀಟರಿನಲ್ಲಿ, ಸಾರಜನಕದ ಗೆರೆಯೊಂದಿದೆ. ಪರ್ತ್‌ನವನ 7 ನ್ಯಾನೋಮೀಟರಿನ ಫಿಲ್ಟರ್ ಎರಡನ್ನೂ ಒಳಬಿಡುತ್ತದೆ, ನನ್ನ 3 ನ್ಯಾನೋಮೀಟರಿನದು ಸಾರಜನಕವನ್ನು ಬಹುಮಟ್ಟಿಗೆ ತಡೆಯುತ್ತದೆ. ಇಬ್ಬರೂ ಹೈಡ್ರೋಜನ್ ಎಂದೇ ಫೈಲಿಗೆ ಹೆಸರಿಟ್ಟಿದ್ದರೂ ಒಳಗಿನ ಸರಕು ಒಂದೇ ಅಲ್ಲ. ಅವನು ಶಿವಮೊಗ್ಗದವನು, ನನ್ನ ವಾದಕ್ಕೆ ಸೊಪ್ಪು ಹಾಕುವವನಲ್ಲ. “ಅಲ್ಲ ಮಾರಾಯ, ಹಸಿರು ಮುಖದ ನೀಹಾರಿಕೆಯನ್ನ ಗೋಡೆಗೆ ಯಾರು ಹಾಕ್ಕೊಳ್ತಾರೆ?” ಅಂತಾನೆ. ಗೋಡೆಗೆ ಬಂಗಾರದ್ದೇ ಇರಲಿ, ಒಪ್ಪಿದೆ. ಸ್ಪರ್ಧೆಗೆ ಕಳಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಟೆಲಿಸ್ಕೋಪ್ ಇಲ್ಲದ ಹುಬ್ಬಳ್ಳಿ, ಮಂಗಳೂರಿನ ಓದುಗರೂ ಹಸಿರು ಸರಿಸುವ ಈ ಕೆಲಸವನ್ನು ಮಾಡಿ ನೋಡಬಹುದು. ಹಬಲ್‌ನ ದತ್ತಾಂಶ ಭಂಡಾರ ಎಲ್ಲರಿಗೂ ಉಚಿತ. ಈಗಲ್ ನೀಹಾರಿಕೆಯ 1995ರ ಚಿತ್ರಗಳನ್ನು ಹುಡುಕಿ, ಎಫ್673ಎನ್, ಎಫ್656ಎನ್, ಎಫ್502ಎನ್ ಎಂಬ ಫಿಲ್ಟರುಗಳಲ್ಲಿ ತೆಗೆದವನ್ನು ಇಳಿಸಿಕೊಳ್ಳಿ. ಸಿರಿಲ್‌ನಲ್ಲಿ ಕ್ರಮವಾಗಿ ಕೆಂಪು, ಹಸಿರು, ನೀಲಿಗೆ ಹಾಕಿ. ಆಮೇಲೆ ಗಿಂಪ್‌ನ ಹ್ಯೂ-ಸ್ಯಾಚುರೇಶನ್‌ನಲ್ಲಿ ಹಸಿರನ್ನು ಮಾತ್ರ ಆರಿಸಿ ಹಳದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸಿ. ಚಿತ್ರದ ಒಂದು ಮೂಲೆ ಮೆಟ್ಟಿಲಿನ ಆಕಾರದಲ್ಲಿ ಕತ್ತರಿಸಿದಂತಿದ್ದರೆ ತಪ್ಪು ನಿಮ್ಮದಲ್ಲ. ಹಬಲ್‌ನ ಆಗಿನ ಉಪಕರಣದಲ್ಲಿದ್ದ ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಕಿರಿದಾದ ಜಾಗವನ್ನು ಹೆಚ್ಚು ಹಿಗ್ಗಿಸಿ ನೋಡುತ್ತಿತ್ತು. ಅದನ್ನು ಉಳಿದ ಮೂರರ ಅಳತೆಗೆ ಕುಗ್ಗಿಸಿದಾಗ ಆ ಮೂಲೆ ಖಾಲಿ ಬೀಳುತ್ತದೆ.