ಎರಡನೆಯ ಬ್ಯಾಟರಿಯ ವಿಚಾರ

ವಿಜಯದಶಮಿಯ ಇರುಳು ಮಡಿಕೇರಿಯ ಬೀದಿಗಳಲ್ಲಿ ದಶಮಂಟಪಗಳು ಒಂದರ ಹಿಂದೊಂದಾಗಿ ಹೊರಟು, ಬೆಳಗಿನ ಜಾವದವರೆಗೂ ದೇವಾಸುರರ ಕದನವನ್ನು ಬೆಳಕಿನಿಂದಲೂ ಘೋಷದಿಂದಲೂ ಮೆರೆಸಿ ಮುಗಿಸಿದ ಮೇಲೆ, ಮುಂದಿನ ಎರಡು ಮೂರು ವಾರಗಳ ಕಾಲ ನಮ್ಮ ಸೀಮೆಯ ತರುಣರಲ್ಲಿ ಒಂದು ವಿಶೇಷವಾದ ಉತ್ಸಾಹವು ತಲೆದೋರುವುದುಂಟು. ಎದೆಯ ಗೂಡನ್ನೇ ನಡುಗಿಸಿದ ಆ ಮಂದ್ರಧ್ವನಿಯು ತಮ್ಮ ಜೀಪಿನ ಹಿಂಬದಿಯಲ್ಲಿಯೂ ಮೊಳಗಬೇಕೆಂಬುದು ಅವರ ಆಕಾಂಕ್ಷೆ. ಅದಕ್ಕೆ ಎಷ್ಟು ಬ್ಯಾಟರಿ ಬೇಕು, ಎಂಥದನ್ನು ಎಂಥದರೊಡನೆ ಕೂಡಿಸಬಹುದು ಎಂಬುದು ಈ ಅಂಕಣಕಾರನ ಮುಂದೆ ಅವರು ಇಡುವ ಪ್ರಶ್ನೆ. ಮಂಟಪವನ್ನೆಳೆಯುವ ಟ್ರ್ಯಾಕ್ಟರಿನ ಬೆನ್ನಿಗೆ ಜನರೇಟರೊಂದು ರಾತ್ರಿಯೆಲ್ಲ ದುಡಿಯುತ್ತಿತ್ತೆಂಬುದು ಅವರ ನೆನಪಿಗೆ ಬರುವುದಿಲ್ಲ. ಅಂದಿನ ಘೋಷದಲ್ಲಿ ಬ್ಯಾಟರಿಯ ಪಾಲು ಬಹಳ ಅಲ್ಪವೆಂದರೆ ಅವರಿಗೆ ಕೊಂಚ ನಿರಾಶೆಯೇ ಆಗುತ್ತದೆ.

ಕಾಫಿ ತೋಟದವರಿಗೆ ಈ ವಿಚಾರವನ್ನು ತಿಳಿಯಪಡಿಸುವುದು ಸುಲಭ. ಹೂಮಳೆ ತಡವಾದ ವರ್ಷ ಮಾರ್ಚಿಯಲ್ಲಿ ಸ್ಪ್ರಿಂಕ್ಲರಿಗೆ ನೀರೆತ್ತುವುದು ಕೆರೆಯಿಂದಲೇ ಆದರೂ, ಆ ಕೆರೆಯನ್ನು ತುಂಬತಕ್ಕದ್ದು ತೋಡು. ತೋಡಿನ ಹರಿವು ಕಿರಿದಾಗಿರುವಲ್ಲಿ ಮತ್ತೊಂದು ಕೆರೆಯನ್ನು ಅಗೆದರೆ ಬರಿದಾಗುವ ಗಳಿಗೆ ತುಸು ಮುಂದಕ್ಕೆ ಹೋದೀತೇ ಹೊರತು, ಬಳಿಕ ತುಂಬಬೇಕಾದ ಹಳ್ಳಗಳು ಎರಡಾಗಿರುತ್ತವೆ. ವಾಹನದಲ್ಲಿ ತೋಡಿನ ಸ್ಥಾನ ಆಲ್ಟರ್ನೇಟರಿನದು. 1000 ವಾಟಿನ ಡಿ ವರ್ಗದ ಆಂಪ್ಲಿಫೈಯರು ನೂರಕ್ಕೆ ಎಂಬತ್ತರಷ್ಟು ದಕ್ಷವೆಂದೇ ಹಿಡಿದರೂ ಪೂರ್ಣ ಆರ್ಭಟದ ಕ್ಷಣದಲ್ಲಿ 13 ವೋಲ್ಟಿನಲ್ಲಿ ಸುಮಾರು 96 ಆಂಪಿಯರನ್ನು ಹೀರುತ್ತದೆ. ಸಣ್ಣ ಕಾರುಗಳ ಆಲ್ಟರ್ನೇಟರು 70ರಿಂದ 90 ಆಂಪಿಯರಿನದು, ಅದೂ ಎಂಜಿನು ವೇಗದಲ್ಲಿ ತಿರುಗುತ್ತಿರುವಾಗಿನ ಮಾತು. ಶನಿವಾರ ಭಾನುವಾರಗಳಂದು ಪ್ರವಾಸಿಗರ ದಟ್ಟಣೆಯಲ್ಲಿ ರಾಜಾಸೀಟಿನ ದಾರಿಯಲ್ಲಿ ಸಿಕ್ಕಿಕೊಂಡು, ಮಳೆಯೂ ಮಂಜೂ ಕವಿದಿರಲು ಹೆಡ್‌ಲೈಟು, ವೈಪರು, ಗಾಜಿನ ಮಬ್ಬನ್ನು ಓಡಿಸುವ ಬ್ಲೋವರು ಇವೆಲ್ಲವನ್ನೂ ಹಚ್ಚಿ ನಿಂತಲ್ಲೇ ನಿಂತಿರುವ ವಾಹನದಲ್ಲಿ ಆ ಉತ್ಪಾದನೆ ಅರ್ಧಕ್ಕೆ ಇಳಿಯುತ್ತದೆ. ಉಳಿದವರ ಪಾಲು ಹೋಗಿ ಸಂಗೀತಕ್ಕೆ ದಕ್ಕುವುದು ಅತ್ಯಲ್ಪ. ಸಂಗೀತವೆಂಬುದು ಎಡೆಬಿಡದ ಆರ್ಭಟವಲ್ಲದಿರುವುದರಿಂದ, ಸರಾಸರಿಯ ಬೇಡಿಕೆ ಶಿಖರದ ಕಾಲು ಭಾಗವನ್ನೂ ಮುಟ್ಟದೆ ಇರುವುದರಿಂದ, ನಮ್ಮ ಬದುಕು ಸಾಗಿದೆ. ಶಿಖರದ ಆ ಕ್ಷಣಗಳನ್ನು ಭರಿಸುವುದೇ ಬ್ಯಾಟರಿಯ ನಿಜವಾದ ಧರ್ಮ.

ಎರಡನೆಯ ಬ್ಯಾಟರಿಯ ಗೊಡವೆ ಇಂದಿನದೇನೂ ಅಲ್ಲ. 1930ರಲ್ಲಿ ಗ್ಯಾಲ್ವಿನ್ ಸಹೋದರರು ಮೋಟೊರೊಲಾ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರಲು ತೊಡಗಿದ ಕಾಲದಲ್ಲಿ, ಅಂಥ ರೇಡಿಯೋಗಳ ವಾಲ್ವುಗಳಿಗೆ ಬೇಕಾದ ಅಧಿಕ ವೋಲ್ಟೇಜಿಗೆಂದು ಒಣ ಬ್ಯಾಟರಿಗಳ ಬೇರೊಂದು ಪೆಟ್ಟಿಗೆಯನ್ನೇ ವಾಹನದೊಳಗೆ ಹೊತ್ತು ತಿರುಗಬೇಕಾಗಿತ್ತು. ಹಾಡಿನ ಸಲುವಾಗಿ ಭಾರ ಹೊರುವುದು ರಸಿಕರಿಗೆ ಅಂದೂ ಅಸಹ್ಯವಾಗಿರಲಿಲ್ಲ.

ಆಯ್ಕೆಗೆ ಹೋಗುವವನು ಅಂಗಡಿಯಲ್ಲಿ ಮೊದಲು ನೋಡುವುದು ಆಂಪಿಯರ್ ಅವರ್ ಎಂಬ ಅಂಕೆಯನ್ನು. ನನ್ನ ಅಭಿಪ್ರಾಯದಲ್ಲಿ ಕಡೆಗೆ ನೋಡತಕ್ಕದ್ದು ಅದನ್ನೇ. 65 ಎಂದು ಬರೆದಿದ್ದರೆ, ಮೂರೂಕಾಲು ಆಂಪಿಯರಿನಂತೆ ಇಪ್ಪತ್ತು ಗಂಟೆ ಮೆಲ್ಲಗೆ ಎಳೆದಾಗ ಸಿಗುವ ಮೊತ್ತವದು. ಒಂದೇ ಗಂಟೆಯಲ್ಲಿ ಅಷ್ಟನ್ನೂ ಎಳೆಯಹೊರಟರೆ ಗಂಟೆ ತುಂಬುವುದಕ್ಕೆ ಬಹು ಮುಂಚೆಯೇ ಬ್ಯಾಟರಿ ಕೂತುಬಿಡುತ್ತದೆಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲಿಯೇ ಸೂತ್ರೀಕರಿಸಿದ್ದಾನೆ. ಮೃದಂಗದ ತೊಪ್ಪಿಯ ಮೇಲೆ ಬಿದ್ದ ಗುಂಕಾರವು ತುಂಬು ದುಂಡಾಗಿ ಕೇಳಬೇಕಾದರೆ ಬ್ಯಾಟರಿಯ ಆಂತರಿಕ ರೋಧವು ಅಲ್ಪವಾಗಿರಬೇಕು. ಸಾಮಾನ್ಯವಾದ ನೀರು ಹಾಕುವ ಬ್ಯಾಟರಿಯ ರೋಧ ಆರು ಮಿಲಿ ಓಮ್ ಎಂದಿಟ್ಟುಕೊಂಡರೆ 100 ಆಂಪಿಯರಿನ ಸೆಳೆತಕ್ಕೆ 0.6 ವೋಲ್ಟು ಒಳಗೇ ನಷ್ಟವಾಗುತ್ತದೆ. ಗಾಜಿನ ನೂಲಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿ ಮುಚ್ಚಿರುವ ಎ.ಜಿ.ಎಂ. ಬಗೆಯದರಲ್ಲಿ ಆ ನಷ್ಟ ಹೆಚ್ಚುಕಡಮೆ ಅರ್ಧ. ರೋಧವನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯರು, ಆದರೆ ಸಿ.ಸಿ.ಎ. ಎಂಬ ಅಂಕೆಯನ್ನು ಬರೆಯುತ್ತಾರೆ. ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಶೀತದಲ್ಲಿ ಮೂವತ್ತು ಸೆಕೆಂಡುಗಳ ಕಾಲ ಎಷ್ಟು ಆಂಪಿಯರನ್ನು ಕೊಡಬಲ್ಲದೆಂಬ ಆ ಲೆಕ್ಕದ ಶೀತವನ್ನು ಬ್ರಹ್ಮಗಿರಿಯ ಶಿಖರವೂ ಕಂಡದ್ದಿಲ್ಲವಾದರೂ, ಒಮ್ಮೆಲೇ ಕೈಬಿಚ್ಚಿ ಕೊಡುವ ಔದಾರ್ಯಕ್ಕೆ ಅದೊಂದು ವಿಶ್ವಾಸಾರ್ಹವಾದ ಅಳತೆ. ಒಂದೇ ಗಾತ್ರದ ಎರಡರಲ್ಲಿ ಈ ಅಂಕೆ ಹಿರಿದಾದುದನ್ನು ಕೊಳ್ಳತಕ್ಕದ್ದು.

ಶಿಖರದ ಕ್ಷಣಗಳನ್ನು ಭರಿಸಲೆಂದು ಮಾರುವ, ಬೆಳಗುವ ನೀಲಿ ದೀಪದ ಕೆಪಾಸಿಟರುಗಳ ಬಗ್ಗೆ ಎರಡು ಮಾತು ಸಾಕು. ಒಂದು ಫ್ಯಾರಡ್ ಕೆಪಾಸಿಟರು 13 ವೋಲ್ಟಿನಿಂದ 12ಕ್ಕೆ ಇಳಿಯುವಷ್ಟರಲ್ಲಿ ಕೊಡುವ ಶಕ್ತಿ ಹನ್ನೆರಡೂವರೆ ಜೌಲ್. 1000 ವಾಟಿನ ಹಸಿವಿಗೆ ಅದು ಸೆಕೆಂಡಿನ ಎಂಬತ್ತರಲ್ಲಿ ಒಂದು ಪಾಲು ಹೊತ್ತು, ಎಂದರೆ 40 ಹರ್ಟ್ಸ್ ಸ್ವರದ ಒಂದೇ ಕಂಪನದ ಅರ್ಧಕ್ಕೆ ಮಾತ್ರ, ಒದಗೀತು. ದೀಪ ಚೆನ್ನಾಗಿ ಕಾಣುತ್ತದೆಂಬುದನ್ನು ನಾನು ಅಲ್ಲಗಳೆಯೆನು.

ಇನ್ನು ಕೂಡಿಸುವ ಮಾತು. ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟಾಗಿ ಆಂಪ್ಲಿಫೈಯರು ಸುಡುತ್ತದಾದ್ದರಿಂದ ಧನವನ್ನು ಧನಕ್ಕೆ, ಋಣವನ್ನು ಋಣಕ್ಕೆ ಸೇರಿಸುವ ಸಮಾಂತರ ಜೋಡಣೆಯೊಂದೇ ನಮಗೆ ವಿಹಿತ. ಜೋಡಿಯು ಒಂದೇ ಜಾತಿ, ಒಂದೇ ಗಾತ್ರ, ಒಂದೇ ವಯಸ್ಸಿನದಾಗಿರಬೇಕೆಂಬ ನಿಯಮವನ್ನು ಮಡಿವಂತಿಕೆಯೆಂದು ಭಾವಿಸಕೂಡದು. ಪೂರ್ಣ ತುಂಬಿ ವಿಶ್ರಮಿಸುತ್ತಿರುವ ನೀರಿನ ಬ್ಯಾಟರಿ 12.6 ವೋಲ್ಟಿನಲ್ಲಿಯೂ ಎ.ಜಿ.ಎಂ. 12.8ರಲ್ಲಿಯೂ ನಿಲ್ಲುತ್ತವಾಗಿ, ಎಂಜಿನು ನಿಂತ ಬಳಿಕ ಸಬಲವು ದುರ್ಬಲಕ್ಕೆ ಕೊಡುತ್ತಲೇ ಇರುತ್ತದೆ. ಹಳೆಯದರ ಆರು ಸೆಲ್ಲುಗಳಲ್ಲಿ ಒಂದು ಶಾರ್ಟ್ ಆಯಿತೆಂದರೆ ಹತ್ತೂವರೆ ವೋಲ್ಟಿಗೆ ಕುಸಿದ ಅದರೊಳಕ್ಕೆ ಹೊಸದು ತನ್ನ ಸರ್ವಸ್ವವನ್ನೂ ಸುರಿದು, ಎರಡೂ ಕಾದು ಹೋಗುತ್ತವೆ. ಸಮಾನವಾದ ಜೋಡಿಯು ಅಕ್ಕಪಕ್ಕದಲ್ಲಿದ್ದರೆ ಆಂಪ್ಲಿಫೈಯರಿಗೆ ಧನದ ತಂತಿಯನ್ನು ಒಂದರಿಂದಲೂ ಋಣದ ತಂತಿಯನ್ನು ಇನ್ನೊಂದರಿಂದಲೂ ಓರೆಯಾಗಿ ತೆಗೆಯಬೇಕು. ಹಾಗೆ ಮಾಡಿದರೆ ಇಬ್ಬರೂ ಸಮನಾಗಿ ದುಡಿಯುತ್ತಾರೆ. ಒಂದು ಬಾನೆಟ್ಟಿನಡಿಯಲ್ಲಿಯೂ ಮತ್ತೊಂದು ಹಿಂಬದಿಯಲ್ಲಿಯೂ ಇದ್ದರೆ ನಡುವಣ ತಂತಿಗೆ ಎರಡು ತುದಿಗಳಲ್ಲಿಯೂ, ಬ್ಯಾಟರಿಯಿಂದ ಒಂದು ಮೊಳದೊಳಗೆ, ಫ್ಯೂಸ್ ಇರಲೇಬೇಕು: ಎರಡೂ ಕಡೆಯಿಂದ ಶಕ್ತಿ ಹರಿಯಬಲ್ಲ ತಂತಿ ನಡುವೆ ಎಲ್ಲಿ ತಗಡಿಗೆ ಉಜ್ಜಿ ಸವೆದರೂ, ಒಂದೇ ಕಡೆಯ ಫ್ಯೂಸು ಅರ್ಧ ಬೆಂಕಿಯನ್ನು ಮಾತ್ರ ತಡೆಯುತ್ತದೆ. ತಂತಿ ಅಪ್ಪಟ ತಾಮ್ರದ್ದಾಗಿರಲಿ. ಇಪ್ಪತ್ತೈದು ಚದರ ಮಿಲಿಮೀಟರಿನ ಐದು ಮೀಟರ್ ತಾಮ್ರದಲ್ಲಿ 100 ಆಂಪಿಯರಿಗೆ ಮೂರನೆಯ ಒಂದು ವೋಲ್ಟಿನಷ್ಟು ನಷ್ಟ. ತಾಮ್ರದ ಬಣ್ಣ ತೋರಿಸಿ ಒಳಗೆ ಅಲ್ಯೂಮಿನಿಯಂ ಇಟ್ಟಿರುವ ಅಗ್ಗದ ತಂತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಕೊಡಗಿನಲ್ಲಿ ವಿಶೇಷವಾಗಿ ಕಂಡುಬರುವ ಒಂದು ಪ್ರಲೋಭನವಿದೆ. ಮುಂಗಾರಿನಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಈ ನಾಡಿನಲ್ಲಿ ಮನೆಮನೆಯಲ್ಲಿಯೂ ಇನ್ವರ್ಟರಿನ 150 ಆಂಪಿಯರ್ ಅವರಿನ ಟ್ಯೂಬುಲಾರ್ ಬ್ಯಾಟರಿ ಇದ್ದೇ ಇರುತ್ತದೆ. ಅದನ್ನೇ ಎತ್ತಿ ಜೀಪಿನಲ್ಲಿಟ್ಟರಾಯಿತೆಂದು ತರುಣರು ಬಗೆಯುತ್ತಾರೆ. ನಿಧಾನವಾಗಿ ಬಹಳ ಹೊತ್ತು ಕೊಡುವುದಕ್ಕೆ ನಿರ್ಮಿತವಾದ ಅದು ಹಠಾತ್ತಾದ ಸೆಳೆತಕ್ಕೆ ಒಗ್ಗದು. ಮೇಲಾಗಿ ಭಾಗಮಂಡಲದ ತಿರುವುಗಳಲ್ಲಿ ಆಮ್ಲ ತುಳುಕುವುದು, ಚಾರ್ಜಾಗುವಾಗ ಜಲಜನಕ ಹೊಮ್ಮುವುದು. ಗಾಳಿಯಲ್ಲಿ ಆ ಅನಿಲ ನೂರಕ್ಕೆ ನಾಲ್ಕು ಪಾಲಾದರೆ ಕಿಡಿಯೊಂದಕ್ಕೆ ಹೊತ್ತಿಕೊಳ್ಳುವಂಥದು. ನಾವು ಕುಳಿತುಕೊಳ್ಳುವ ಕಡೆ ಇರಿಸತಕ್ಕದ್ದು ಮುಚ್ಚಿದ ಬ್ಯಾಟರಿಯನ್ನು ಮಾತ್ರ.

ಭಿನ್ನ ಜಾತಿಯವನ್ನು ಕೂಡಿಸಲೇಬೇಕಾದರೆ ನಡುವೆ ಒಬ್ಬ ಮಧ್ಯಸ್ಥ ಬೇಕು. ವೋಲ್ಟೇಜು 13.3ಕ್ಕೆ ಏರಿದಾಗ ಕೂಡಿಸಿ, 12.8ಕ್ಕೆ ಇಳಿದಾಗ ಬಿಡಿಸುವ ಐಸೊಲೇಟರ್ ರಿಲೇ ಹಳೆಯ ಜೀಪುಗಳಿಗೆ ಸಾಕು. ತೋಟದಲ್ಲಿ ಎಂಜಿನು ನಿಲ್ಲಿಸಿ ಸಂಜೆಯೆಲ್ಲ ಕೇಳಿದರೂ ಬೆಳಿಗ್ಗೆ ಸೆಲ್ಫ್ ಹೊಡೆಯುವ ಬ್ಯಾಟರಿ ತುಂಬಿಯೇ ಇರುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಇಂಧನ ಉಳಿಸುವುದಕ್ಕಾಗಿ ಆಲ್ಟರ್ನೇಟರೇ ಆಗಾಗ ವೋಲ್ಟೇಜನ್ನು ತಗ್ಗಿಸಿಕೊಳ್ಳುತ್ತದಾದ್ದರಿಂದ ಆ ರಿಲೇ ಗೊಂದಲಕ್ಕೊಳಗಾಗುತ್ತದೆ. ಅಲ್ಲಿ ಡಿಸಿ–ಡಿಸಿ ಚಾರ್ಜರೇ ಗತಿ. ಲಿಥಿಯಂ ಐರನ್ ಫಾಸ್ಫೇಟಿಗಂತೂ ಅದು ಅನಿವಾರ್ಯ. ಹಗುರ, ದೀರ್ಘಾಯು, ಕೊನೆಯವರೆಗೂ ವೋಲ್ಟೇಜು ಬಾಗದ ಸಮಚಿತ್ತ, ಎಲ್ಲವೂ ನಿಜವೇ. ಆದರೆ ಬರಿದಾದಾಗ ಆಲ್ಟರ್ನೇಟರಿನಿಂದ ಮಿತಿಯಿಲ್ಲದೆ ಹೀರಿ ಅದನ್ನು ಕಾಯಿಸಿಬಿಡುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟು ಹಠಾತ್ತಾಗಿ ಕಡಿದುಕೊಂಡರೆ ಏಳುವ ವೋಲ್ಟೇಜಿನ ಅಲೆ ವಾಹನದ ಇತರ ಯಂತ್ರಾಂಗಗಳಿಗೂ ಅಪಾಯಕರ.

ಇಷ್ಟೆಲ್ಲದರ ಅವಶ್ಯಕತೆ ತಮಗುಂಟೆ ಎಂಬುದನ್ನು ಮಲ್ಟಿಮೀಟರೊಂದರಿಂದ ಯಾರೂ ತಿಳಿಯಬಹುದು. ಹೆಡ್‌ಲೈಟು ವೈಪರುಗಳನ್ನು ಹಚ್ಚಿ, ಎಂಜಿನನ್ನು ಐಡಲಿನಲ್ಲಿ ಬಿಟ್ಟು, ತನಿಯಾವರ್ತನವೊಂದನ್ನು ತಾವು ಕೇಳುವ ಮಟ್ಟದಲ್ಲಿ ಹಾಕಿ, ಆಂಪ್ಲಿಫೈಯರಿನ ತುದಿಯಲ್ಲಿಯೂ ಬ್ಯಾಟರಿಯ ತುದಿಯಲ್ಲಿಯೂ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚಿನ ಅಂತರವಿದ್ದರೆ ದೋಷ ತಂತಿಯದು ಅಥವಾ ಮಳೆಗಾಲದ ತೇವಕ್ಕೆ ಟರ್ಮಿನಲ್ಲುಗಳಲ್ಲಿ ಬೆಳೆದ ಬಿಳಿ ಬೂಷ್ಟಿನದು, ಬ್ಯಾಟರಿಯಲ್ಲಿಯೇ 12.5ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಮೊದಲು ಇರುವ ಒಂದನ್ನೇ ಒಳ್ಳೆಯ ಎ.ಜಿ.ಎಂ.ಗೆ ಬದಲಾಯಿಸಿ, ಎಂಜಿನನ್ನು ತುಸು ಏರಿಸಿದರೂ 13ನ್ನು ದಾಟದಿದ್ದರೆ ಹಣ ಹೂಡಬೇಕಾದದ್ದು ಆಲ್ಟರ್ನೇಟರಿನ ಮೇಲೆ. ಇವೆಲ್ಲವೂ ಸರಿಯಿದ್ದವರು ಎರಡನೆಯ ಬ್ಯಾಟರಿಯ ದುಡ್ಡಿನಲ್ಲಿ ಬಾಗಿಲುಗಳ ಒಳತಗಡಿಗೂ ಮಾಡಿಗೂ ಡ್ಯಾಂಪಿಂಗ್ ಹಾಳೆಯನ್ನು ಅಂಟಿಸಿಕೊಳ್ಳುವುದು ಮೇಲು. ಜುಲೈ ತಿಂಗಳ ಮಳೆಯಲ್ಲಿ ತಂಬೂರಿಯ ಮಂದ್ರಷಡ್ಜ ಕಿವಿಗೆ ಬೀಳಬೇಕಾದರೆ ಜೀಪಿನ ಮಾಡಿನ ಸದ್ದು ಮೊದಲು ತಗ್ಗಬೇಕಷ್ಟೆ.