ರೆಸ್ಯೂಮ್ ಬರೆಸಿದ್ದು ಸಾಕು, ಇನ್‌ವಾಯ್ಸ್ ಬರೆಯೋದು ಕಲಿಸಿ

ನಮ್ಮ ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ‘ಗ್ರಾಮೀಣ ವಿದ್ಯಾರ್ಥಿಗಳಿಗೆ ಜಾಗತಿಕ ಅವಕಾಶ’ ಅನ್ನೋ ಥರದ ಕಾರ್ಯಾಗಾರಗಳಿಗೆ ಬರ ಇಲ್ಲ. ಬೆಂಗಳೂರಿಗೆ ಹತ್ತಿರ, ಶನಿವಾರ ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ನಾನು ನೋಡಿದ ಕಾರ್ಯಾಗಾರಗಳದ್ದೆಲ್ಲ ಒಂದೇ ಮೆನು: ಇಂಗ್ಲಿಷಲ್ಲಿ ಸ್ವಪರಿಚಯ, ಒಂದು ಪುಟದ ರೆಸ್ಯೂಮ್, ಲಿಂಕ್ಡ್‌ಇನ್ ಖಾತೆ, ಕೊನೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೊ.

ಇದೆಲ್ಲ ದಂಡ ಅಂತ ನಾನು ಹೇಳ್ತಿಲ್ಲ. ಇಂಗ್ಲಿಷ್ ಬೇಕು, ಇಂಟರ್‌ವ್ಯೂ ಧೈರ್ಯವೂ ಬೇಕು. ನನ್ನ ತಕರಾರು ಬೇರೆ. ಇಡೀ ದಿನ ಹುಡುಗರಿಗೆ ಕಲಿಸೋದು ಕೆಲಸ ಕೇಳೋದನ್ನ ಮಾತ್ರ. ಮಾರೋದನ್ನ ಯಾರೂ ಕಲಿಸಲ್ಲ.

ಅಂತರರಾಷ್ಟ್ರೀಯ ವ್ಯಾಪಾರ ಎಲ್ಲೋ ದೂರದಲ್ಲಿದೆ ಅನ್ನೋ ಹಾಗೆ ನಾವು ಮಾತಾಡ್ತೀವಿ. ಶ್ರೀನಿವಾಸಪುರದ ತೋತಾಪುರಿ ನೋಡಿ. ಲಾರಿಗಟ್ಟಲೆ ಹಣ್ಣು ಗಡಿ ದಾಟಿ ಆಂಧ್ರದ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುತ್ತೆ. ಭಾರತದ ಮಾವಿನ ಪಲ್ಪ್‌ಗೆ ಸೌದಿ ಅರೇಬಿಯಾ, ಯೆಮನ್, ಯುರೋಪಿನಲ್ಲಿ ಗಿರಾಕಿಗಳಿದ್ದಾರೆ. ಹಣ್ಣು ನಮ್ಮದು, ಡಬ್ಬಿ, ಬಿಲ್ಲು, ಡಾಲರು ಬೇರೆಯವರದು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿಗೆ ಗಡಿ ಮುಚ್ಚಿತು. ಶ್ರೀನಿವಾಸಪುರದಲ್ಲಿ ಬಂದ್ ಆಯ್ತು, ಮುಖ್ಯಮಂತ್ರಿ ಪತ್ರ ಬರೆದರು, ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡೋಕೆ ಒಪ್ಪಿತು. ಅಂದ್ರೆ ಕಿಲೋಗೆ ಹದಿನಾರು ರೂಪಾಯಿ ಚಿಲ್ಲರೆ. ಒಂದೇ ಬಾಗಿಲು ನಂಬಿಕೊಂಡರೆ ಏನಾಗುತ್ತೆ ಅಂತ ಇದಕ್ಕಿಂತ ಒಳ್ಳೆ ಪಾಠ ಬೇಕಾ? ಯಾವ ಕಾರ್ಯಾಗಾರದ ಸ್ಲೈಡಲ್ಲೂ ನಾನಿದನ್ನ ನೋಡಿಲ್ಲ.

ಕೆಲಸಕ್ಕೇ ತಯಾರು ಮಾಡ್ತೀವಿ ಅಂತೀರಾ? ಅದನ್ನಾದರೂ ಪೂರ್ತಿ ಮಾಡಿ. ನರಸಾಪುರದಲ್ಲಿ ಐಫೋನ್ ತಯಾರಾಗುತ್ತೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ, ಆಗಿನ ವಿಸ್ಟ್ರಾನ್ ಘಟಕದಲ್ಲಿ, ಸಂಬಳದ ತಕರಾರು ಗಲಾಟೆಯಾಗಿ ಗಾಜು ಪುಡಿಯಾಯಿತು. ಆಮೇಲೆ ಆಪಲ್ ಕಂಪನಿಯೇ ವಿಸ್ಟ್ರಾನನ್ನು ಪ್ರೊಬೇಷನ್ನಿಗೆ ಹಾಕಿತು. 2023ರಲ್ಲಿ ಘಟಕ ಟಾಟಾ ಕೈಗೆ ಬಂತು. ಹಿಂಸೆಯನ್ನು ನಾನು ಸಮರ್ಥಿಸಲ್ಲ. ಆದರೆ ಗುತ್ತಿಗೆ ಕರಾರು ಓದೋದು, ಓವರ್‌ಟೈಮ್ ಲೆಕ್ಕ ಹಾಕೋದು, ಕಾರ್ಮಿಕ ಇಲಾಖೆಗೆ ದೂರು ಬರೆಯೋದು, ಇವು ‘ಸಾಫ್ಟ್ ಸ್ಕಿಲ್’ ಅಲ್ವಾ?

ಇನ್ನು ಭಾಷೆ. ಮುಳಬಾಗಿಲಿನ ಹುಡುಗಿ ಮನೇಲಿ ತೆಲುಗು, ಶಾಲೇಲಿ ಕನ್ನಡ, ಸಂತೇಲಿ ಉರ್ದು ಮಾತಾಡ್ತಾಳೆ. ಮಾಲೂರಿನ ಹುಡುಗನಿಗೆ ಹೊಸೂರಿನ ತಮಿಳೂ ಬರುತ್ತೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ದಿನಾ ಚೌಕಾಸಿ ನಡೆಯೋದು ಇಂಥ ಭಾಷೆಗಳಲ್ಲೇ. ಕಾರ್ಯಾಗಾರದಲ್ಲಿ ಮಾತ್ರ ಈ ಮಕ್ಕಳಿಗೆ ‘ಕಮ್ಯುನಿಕೇಷನ್ ವೀಕ್’ ಅನ್ನೋ ಹಣೆಪಟ್ಟಿ.

ಹಾಗಾದ್ರೆ ಏನು ಕಲಿಸಬೇಕು? ರಫ್ತಿಗೆ ಬೇಕಾದ ಐಇಸಿ ನಂಬರ್ ಆನ್‌ಲೈನಲ್ಲೇ ಸಿಗುತ್ತೆ, ಅರ್ಜಿ ಶುಲ್ಕ 500 ರೂಪಾಯಿ. ಅಪೇಡಾ ಅಂದ್ರೇನು, ಎಫ್‌ಒಬಿ ಬೆಲೆ ಅಂದ್ರೇನು, ದುಡ್ಡು ಬರೋ ಮೊದಲೇ ಮಾಲು ಕಳಿಸೋದು ಯಾಕೆ ಅಪಾಯ, ಇದಕ್ಕೆ ಒಂದು ಮಧ್ಯಾಹ್ನ ಸಾಕು. ಇನ್ನೊಂದು ಮಧ್ಯಾಹ್ನ ಊರವರನ್ನೂ ಕೂರಿಸಿ. 2014ರಲ್ಲಿ ಹಣ್ಣುನೊಣದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನೇ ನಿಷೇಧಿಸಿತ್ತು. ಅದು ತೆರವಾಗಿದ್ದು 2015ರಲ್ಲಿ. ಕ್ಲೋರ್‌ಪೈರಿಫಾಸ್ ಕೀಟನಾಶಕಕ್ಕೆ ಅಲ್ಲೀಗ ಇರೋ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದ್ರೆ ನೂರು ಟನ್ ಹಣ್ಣಲ್ಲಿ ಒಂದೇ ಒಂದು ಗ್ರಾಂ! ತೋಪಲ್ಲಿ ಔಷಧಿ ಹೊಡೆಯೋ ಅಪ್ಪನಿಗೆ ಈ ಲೆಕ್ಕ ಮುಟ್ಟದೇ ಇದ್ದರೆ ಮಗಳ ಸರ್ಟಿಫಿಕೇಟಿಂದ ಒಂದು ಪೆಟ್ಟಿಗೆ ಮಾವೂ ಹಡಗು ಹತ್ತಲ್ಲ.

ಕೆಲವರು ಹೇಳಬಹುದು: ಎಲ್ಲರೂ ರಫ್ತುದಾರರಾಗೋಕಾಗುತ್ತಾ ಅಂತ. ಆಗಲ್ಲ. ಬಂಡವಾಳ ಬೇಕು, ಪ್ಯಾಕ್‌ಹೌಸ್ ಬೇಕು, ನಷ್ಟ ತಡೆಯೋ ಶಕ್ತಿ ಬೇಕು. ಆದರೆ ಲೆಕ್ಕ ಗೊತ್ತಿರೋ ನಾಲ್ಕು ಮಕ್ಕಳು ಊರಲ್ಲಿದ್ದರೂ ದಲ್ಲಾಳಿ ಹೇಳಿದ್ದೇ ಬೆಲೆ ಅನ್ನೋದು ತಪ್ಪುತ್ತೆ. ರೈತ ಉತ್ಪಾದಕ ಕಂಪನಿಗಳಿಗೂ ಬೇಕಾಗಿರೋದು ಇಂಥವರೇ.

ಈ ಕಾರ್ಯಾಗಾರಗಳಿಗೆ ಪಾಠ ಮಾಡೋಕೆ ಹೋಗೋರು ಬಹುಪಾಲು ನಾವೇ, ನಿಮ್ಮಂಥ ನನ್ನಂಥ ಐಟಿ ಮಂದಿ. ಮುಂದಿನ ಸಲ ಲಿಂಕ್ಡ್‌ಇನ್ ಸ್ಲೈಡ್ ತೆಗೆದುಹಾಕಿ, ಮಕ್ಕಳಿಗೆ ಒಂದು ಖಾಲಿ ಎಕ್ಸೆಲ್ ಶೀಟ್ ಕೊಡಿ: ತೋಪಲ್ಲಿ ಒಂದು ಟನ್ ತೋತಾಪುರಿಗೆ ಎಷ್ಟು, ಪಲ್ಪ್ ಆಗಿ ಚೆನ್ನೈ ಬಂದರು ಸೇರೋ ಹೊತ್ತಿಗೆ ಎಷ್ಟು, ನಡುವಿನ ದುಡ್ಡು ಯಾರ್ಯಾರಿಗೆ ಹೋಯ್ತು? ಮೊದಲ ಸಾಲು ಅವರು ಮನೇಲಿ ಕೇಳಿ ತುಂಬಿಸಲಿ. ಉಳಿದ ಸಾಲು ತುಂಬಿಸೋಕೆ ನಾವು ಜೊತೇಲಿ ಕೂರೋಣ.